ಕೌಬ್, ಐವತ್ತನಾಲ್ಕು

ಬೆಳಗಿನ ಐದಕ್ಕೆ ರೇಡಿಯೋ ರೈನ್ ನದಿಯನ್ನು ಓದುತ್ತದೆ,
ಊರೂರಿಗೆ ಒಂದೊಂದು ಅಂಕಿ, ಏರಿಳಿತವಿಲ್ಲದ ದನಿಯಲ್ಲಿ,
ತೀರಿಹೋದವರ ಹೆಸರು ಕರೆದಂತೆ.
ಕೌಬ್, ಐವತ್ತನಾಲ್ಕು.
ನಿನ್ನೆಗಿಂತ ಮೂರು ಕಡಿಮೆ.

ಐವತ್ತನಾಲ್ಕೆಂದರೆ ಆಳವಲ್ಲ,
ದಡದ ಕಂಬದ ಮೇಲಿನ ಬರೀ ಗುರುತು.
ಅದಕ್ಕೆ ಮೀಟರು ಚಿಲ್ಲರೆ ಕೂಡಿಸಿ,
ಹಡಗು ಮುಳುಗಿದಷ್ಟನ್ನು ಕಳೆದರೆ
ಉಳಿಯುವುದು ಒಂದು ಗೇಣು.
ಆ ಗೇಣಿನ ಮೇಲೆ ನಾವು ಮೂವರು,
ನಾನೂರು ಟನ್ ಸೋಯಾ,
ಚಾವಣಿಗೆ ಬಿಗಿದ ಕೆಂಪು ಕಾರು,
ಅಮ್ಮ ನೆಟ್ಟುಹೋದ ಜೆರೇನಿಯಂ.

ಸಾವಿರದಿನ್ನೂರು ಹಿಡಿಯುವ ಹೊಟ್ಟೆ ಇದು.
ರಾಟರ್‌ಡ್ಯಾಮಿನಲ್ಲಿ ಕ್ರೇನಿನವನು ಕೈ ತಡೆದು ಕೇಳಿದ್ದ,
ಇಷ್ಟೇ ಸಾಕಾ ಎಂದು.
ಸಾಕು ಎಂದಿದ್ದೆ,
ಬಡಿಸುವವರ ಮುಂದೆ ಎಲೆಗೆ ಅಡ್ಡ ಹಿಡಿದ ಕೈಯ ಹಾಗೆ.

ಅಪ್ಪನಿಗೀಗ ಕಣ್ಣಿಲ್ಲ.
ಚುಕ್ಕಾಣಿಯ ಹಿಂದೆ ಸ್ಟೂಲು ಹಾಕಿಕೊಂಡು, ಬೂಟು ಕಳಚಿ,
ಅಂಗಾಲಿನಿಂದ ಹೊಳೆ ನೋಡುತ್ತಾನೆ.
"ಹಿಂದು ಕೂರುತ್ತಿದೆ, ವೇಗ ಇಳಿಸು."
ಆಳ ತೋರುವ ಯಂತ್ರ ಕಿರುಚುವುದು ಆಮೇಲೆ.
ತಳ ಹತ್ತಿರವಾದರೆ ಹಡಗೂ ದನದ ಹಾಗೆ:
ಅವಸರಿಸಿದರೆ ಕೂರುತ್ತದೆ,
ಬಿಟ್ಟರೆ ತಾನೇ ಏಳುತ್ತದೆ.

ಹೊಳೆಗೆ ಅದರದೇ ಎಡಬಲ, ಮುಖ ಸದಾ ಕಡಲಿಗೆ.
ಏರಿ ಹೋಗುವ ನನಗೆ ಅದರ ಬಲ ನನ್ನ ಎಡ.
ಕೆಂಪು ಬುರುಡೆ ಈಚೆ, ಹಸಿರು ಆಚೆ.
"ಎದುರು ಬಂದವರ ಕೈ ಯಾವುದೆಂದು ಅವರನ್ನೇ ಕೇಳಬೇಕು"
ಎಂದು ಕಲಿಸಿದವನು ಇವನೇ.
ನನಗಾಗ ಐದು. ಸೊಂಟಕ್ಕೆ ಹಗ್ಗ,
ಅದರ ಇನ್ನೊಂದು ತುದಿ ಕೂವೆಕಂಬಕ್ಕೆ.

ಕೌಬ್‌ನಲ್ಲಿ ತಡೆ. ಮುಂದೆ ಯಾರೋ ತಳ ಹತ್ತಿದ್ದಾರಂತೆ.
ಹೊಳೆಯ ನಡುವಿನ ಹಳೆಯ ಸುಂಕದ ಕೋಟೆಗೆ
ಊರವರು ನಡೆದೇ ಹೊರಟಿದ್ದಾರೆ,
ಮಗುವಿನ ಗಾಡಿ ತಳ್ಳುತ್ತ, ಚಪ್ಪಲಿ ನೆನೆಯದೆ.
ಜಲ್ಲಿಯ ದಿಬ್ಬದಲ್ಲಿ ಒಂದು ಲಂಗರು ಬಿದ್ದಿದೆ.
ಅದರ ತೋಳಿನ ಮೇಲೆ ಕೂತು ಹುಡುಗಿಯೊಬ್ಬಳು
ಐಸ್‌ಕ್ರೀಮು ನೆಕ್ಕುತ್ತಿದ್ದಾಳೆ.

ಯೋರಿಟ್ ಪುಟ್ಟ ದೋಣಿ ಇಳಿಸಿ ಹೋಗಿಬಂದ.
ಹದಿನೈದರ ಹುಡುಗ, ಅಂಗೈ ತುಂಬ ತುಕ್ಕು.
"ಉಳಿಯಲ್ಲಿ ಹೆಸರು ಕೊರೆದಿದೆ ಅಮ್ಮಾ, ಹಿಲ್ಲೆಗೊಂಡಾ ಅಂತ.
ನಮ್ಮ ಹಡಗೇ.
ಜಲ್ಲಿ ಬಗೆದು ಸರಪಳಿ ಎಳೆದೆ, ಹದಿನೇಳು ಕೊಂಡಿ.
ಕೊನೆಯದು ಮುರಿದಿಲ್ಲ.
ಉಂಗುರದ ಹಾಗೆ ಇಡಿಯಾಗಿದೆ."

ಹಳೆಯ ದಿನಚರಿಯಲ್ಲಿ ಅಮ್ಮನ ದುಂಡನೆಯ ಅಕ್ಷರ ನನಗೆ ಬಾಯಿಪಾಠ.
ನವೆಂಬರ್ ಮೂರು. ಮಂಜು.
ಮೇಲಿನಿಂದ ತೈಲದ ಹಡಗು.
ಸರಪಳಿ ತುಂಡಾಗಿ ಲಂಗರು ಹೋಯಿತು.
ತುಂಡಾಗಿ ಎಂಬಲ್ಲಿ ಶಾಯಿ ಎರಡು ಸಲ ಓಡಿದೆ.
ತುಂಡಾದರೆ ವಿಮೆಯವರು ದುಡ್ಡು ಕೊಡುತ್ತಾರೆ,
ಕೈಯಾರೆ ಬಿಟ್ಟರೆ ಪ್ರಶ್ನೆ ಕೇಳುತ್ತಾರೆ.
ಆ ರಾತ್ರಿ ನಾನು ನೋಡಿದ್ದಲ್ಲ.
ಅಮ್ಮನೊಳಗೆ ಆಗ ನಾನು ಏಳು ತಿಂಗಳ ಸರಕು.

"ಸರಪಳಿ ಹೇಗಿದೆ?" ಅಪ್ಪ ಕೇಳಿದ.
ಯೋರಿಟ್ ಬಾಯಿ ತೆರೆದ.
ನಾನು ಅವನ ಕಾಲು ತುಳಿದೆ.
"ತುಕ್ಕು ತಿಂದಿದೆ ಅಪ್ಪ, ಏನೂ ಗೊತ್ತಾಗುವುದಿಲ್ಲ."

ಹಲಗೆಯ ಮೇಲೆ ಅವನ ಕಾಲ್ಬೆರಳು ಮಡಚಿಕೊಂಡವು, ಬಿಚ್ಚಿಕೊಂಡವು.
ತುಳಿದದ್ದೂ ಅವನಿಗೆ ಕೇಳಿಸಿರಬೇಕು.
ಬಹಳ ಹೊತ್ತಿನ ಮೇಲೆ ಹೇಳಿದ:
"ಗಟ್ಟಿ ಕಬ್ಬಿಣ ಅದು.
ತುಕ್ಕು ಅಷ್ಟು ಬೇಗ ತಿನ್ನುವಂಥದ್ದಲ್ಲ."

ಎರಡು ಗಂಟೆಗೆ ದಾರಿ ತೆರೆಯಿತು.
ಹಸಿರು ಬುರುಡೆ, ಕೆಂಪು ಬುರುಡೆ, ನಡುವೆ ಗೇಣು ನೀರು.
ಬರೆದಿಟ್ಟೆ:
ಕೌಬ್, ಐವತ್ತನಾಲ್ಕು. ಕಾದೆವು. ಬೇರೆ ವಿಶೇಷವಿಲ್ಲ.

ಕೆಳಗೆ ನಲ್ಲಿ ಓಡುತ್ತಲೇ ಇತ್ತು.
ಬಿಂಗೆನ್ ದಾಟುವವರೆಗೂ
ಯೋರಿಟ್ ಅಂಗೈ ತಿಕ್ಕಿದ,
ಬಚ್ಚಲಲ್ಲಿ ಕೆಂಪು ನೀರು.